ಬೆಟ್ಟದ ಮೇಲೆ ಮೂಗೆತ್ತಿದ ಹೆಲಿಕಾಪ್ಟರ್

ದಸರೆಯ ಆರನೆಯ ದಿನ, ಬೆಳಿಗ್ಗೆ ಹತ್ತೂವರೆ. ಊರನ್ನು ಮೇಲಿನಿಂದ ತೋರಿಸುವ ಹತ್ತು ನಿಮಿಷದ ಹಾರಾಟಕ್ಕೆ ಪೈಲಟ್ ಶಿಲ್ಪಶ್ರೀ ಅಂದು ನಾಲ್ಕನೆಯ ಸಲ ಹೆಲಿಕಾಪ್ಟರ್ ಏರಿಸಿದಳು. ಹಿಂದಿನ ಸೀಟಿನಲ್ಲಿ ಮೋಹನ್ ಮತ್ತು ಅವನ ಹೆಂಡತಿ. ಮುಂದೆ ಶಿಲ್ಪಶ್ರೀಯ ಪಕ್ಕದಲ್ಲಿ ಮೋಹನನ ತಾಯಿ, ವಿದ್ಯಾರಣ್ಯಪುರಂನ ಚಾಮುಂಡಮ್ಮ.

ಚಾಮುಂಡಿ ಬೆಟ್ಟವನ್ನು ಬಳಸಿ ತಿರುಗುವಾಗ ಹೆಲಿಕಾಪ್ಟರಿನ ಮೂಗು ತಾನಾಗಿಯೇ ಮೇಲೆದ್ದಿತು. ಶಿಲ್ಪಶ್ರೀ ಕೈಯಲ್ಲಿದ್ದ ನಿಯಂತ್ರಣದ ಸ್ಟಿಕ್ಕನ್ನು ಮುಂದಕ್ಕೆ ಒತ್ತಿದಳು. ಮೂಗು ಧುಮುಕಿತು. ಹಿಂದಕ್ಕೆಳೆದಳು. ಈ ಸಲ ಇನ್ನೂ ಮೇಲಕ್ಕೆದ್ದಿತು. ಗಾಜಿನ ತುಂಬ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ಬಂಡೆ.

“ಏನ್ರೀ ಮಾಡ್ತಿದೀರ? ಇಳಿಸ್ರೀ!” ಮೋಹನ್ ಕಿರುಚಿದ.

ಆಗ ಅವಳಿಗೆ ಹೊಳೆಯಿತು. ಮೂಗನ್ನು ಸಮವಾಗಿ ಹಿಡಿಯಬೇಕಾದ ಆಟೋಪೈಲಟ್ಟೇ ಕೆಟ್ಟು ಎಳೆದಾಡುತ್ತಿದೆ. ತನ್ನ ಕೈ ಪ್ರತಿ ಸಲವೂ ಒಂದು ಕ್ಷಣ ತಡವಾಗಿ ಅದಕ್ಕೆ ಎದುರು ಬಿದ್ದು ತೂಗಾಟವನ್ನು ಹೆಚ್ಚಿಸುತ್ತಿದೆ. ಅದನ್ನು ಆಫ್ ಮಾಡಬಹುದು. ಆದರೆ ಆಮೇಲೆ ಇಳಿಯುವ ತನಕ ಎಲ್ಲವೂ ಕೈಯಲ್ಲೇ. ಅರೆಗಳಿಗೆ ಮೈಮರೆತರೂ ಮೂಗು ಎತ್ತಲೋ ಹೊರಟುಬಿಡುತ್ತದೆ. ಹಾಗೆ ಹಾರಿಸಿದ್ದು ತರಬೇತಿಯಲ್ಲಿ ಮಾತ್ರ, ಪಕ್ಕದಲ್ಲಿ ಗುರುಗಳಿದ್ದಾಗ.

ಗುಂಡಿ ಒತ್ತಿದಳು. ಸ್ಟಿಕ್ಕು ಹಗುರವಾಯಿತು.

“ಅಮ್ಮಾ, ಎದುರಿಗೆ ಆ ದುಂಡನೆಯ ಮೀಟರ್ ಕಾಣ್ತಿದ್ಯಾ? ಅದು ವೇಗ. ಮುಳ್ಳು ಎಷ್ಟರಲ್ಲಿದೆ ಅಂತ ಜೋರಾಗಿ ಹೇಳ್ತಾ ಇರಿ. ಅರವತ್ತರ ಹತ್ರ ಇರ್ಬೇಕು. ನಾನು ಹೊರಗಡೆಯಿಂದ ಕಣ್ಣು ತೆಗೆಯೋ ಹಾಗಿಲ್ಲ.”

“ಎಂಬತ್ತು... ಎಪ್ಪತ್ತು ಕಣಮ್ಮ... ಅರವತ್ತೈದು...” ಚಾಮುಂಡಮ್ಮನ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಮಗ ಮತ್ತೆ ಕೂಗಿದಾಗ ಹಿಂತಿರುಗಿ ನೋಡದೆಯೇ ಗದರಿದರು: “ಸುಮ್ಕಿರ್ಲಾ! ಕೆಲಸ ಮಾಡೋರ್ನ ಮಾಡಕ್ ಬುಡು. ಅರವತ್ತು, ತಾಯಿ!”

ಶಿಲ್ಪಶ್ರೀ ಸ್ಟಿಕ್ಕನ್ನು ಕೂದಲೆಳೆಯಷ್ಟು ಸರಿಸಿದಳು, ತಡೆದಳು, ಮತ್ತೆ ಸರಿಸಿದಳು. ತೂಗಾಟ ಸಣ್ಣದಾಗುತ್ತ ಬಂತು. ಹೆಲಿಪ್ಯಾಡಿಗೆ ಮರಳಿದಾಗ, ಗಾಳಿಯಲ್ಲಿ ಒಂದೇ ಕಡೆ ನಿಂತು ಇಳಿಯುವುದು ಇನ್ನೂ ಕಷ್ಟವೆಂದು, ಮುಂದಕ್ಕೆ ಸಾಗುತ್ತಲೇ ಹೆಲಿಪ್ಯಾಡಿನ ನೆಲ ಮುಟ್ಟಿಸಿದಳು. ಚಕ್ರಗಳು ಎರಡು ಸಲ ಪುಟಿದು, ಉರುಳಿ, ನಿಂತವು.

ಎಂಜಿನಿಯರ್ ಹರೀಶ್ ಪರೀಕ್ಷಿಸಿದಾಗ ಆಟೋಪೈಲಟ್ಟಿನ ಸೆನ್ಸರಿನ ವೈರೊಂದು ಸಡಿಲವಾಗಿತ್ತು. ಅಷ್ಟರಲ್ಲಿ ಹಾರಾಟದ ವ್ಯವಸ್ಥಾಪಕ ಬಂದ. “ಮೇಡಂ, ನಲವತ್ತು ಜನ ಕ್ಯೂನಲ್ಲಿದಾರೆ. ಆ ಆಟೋಪೈಲಟ್ಟನ್ನ ಆಫ್ ಮಾಡ್ಕೊಂಡೇ ಹಾರಿಸ್ಬೋದಲ್ವಾ?”

“ಒಂದ್ಸಲ ಹಾರಿಸ್ದೆ. ಸಾಕು,” ಎಂದು ಶಿಲ್ಪಶ್ರೀ ಲಾಗ್‌ಬುಕ್ಕಿನಲ್ಲಿ ‘ಹಾರಾಟಕ್ಕೆ ಯೋಗ್ಯವಲ್ಲ’ ಎಂದು ಬರೆದು ಸಹಿ ಹಾಕಿದಳು.

ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತಳು. ಚಾಮುಂಡಮ್ಮ ಪಕ್ಕದಲ್ಲೇ ಬಂದು ಕೂತರು.

“ಕೈ ನಡುಗ್ತಾ ಐತಲ್ಲಮ್ಮ.”

“ಈಗ ನಡುಗ್ಲಿ ಬಿಡಿ ಅಮ್ಮ,” ಎಂದಳು ಶಿಲ್ಪಶ್ರೀ.