ಎಡಗೈ ಗಂಟು

ಕಾರಿನ ದೋಷ ಓದುವ ಸ್ಕ್ಯಾನರಿನ ಪರದೆ ಮತ್ತೆ ಅದೇ ಮಾತು ಹೇಳಿತು: ಸಂಪರ್ಕ ಸಿಗುತ್ತಿಲ್ಲ. ಮೇಸ್ತ್ರಿ ಕೇಬಲ್ ಕಿತ್ತು, ಪಕ್ಕದಲ್ಲಿ ನಿಂತಿದ್ದ ತನ್ನ ವ್ಯಾನಿಗೆ ಚುಚ್ಚಿ ನೋಡಿದ. ಅಲ್ಲಿ ಯಂತ್ರ ಗಿಳಿಯ ಹಾಗೆ ಮಾತಾಡಿತು. ಅಂದಮೇಲೆ ಸ್ಕ್ಯಾನರಿನದೂ ತಪ್ಪಿಲ್ಲ, ಕೇಬಲ್ಲಿನದೂ ತಪ್ಪಿಲ್ಲ. ಬಾಯಿ ಕಟ್ಟಿಕೊಂಡು ಕೂತಿರುವುದು ಈ ಹಳೇ ಕಾರೇ.

ಕಾರಿನ ಒಡತಿ ಶಾಲೆಯ ಟೀಚರು. ಅದನ್ನು ಬೇರೆಯವರಿಂದ ಕೊಂಡು ಇನ್ನೂ ವರ್ಷವಾಗಿರಲಿಲ್ಲ. ಎಂಜಿನ್ ದೋಷ ತೋರಿಸುವ ದೀಪ ಆರುತ್ತಿಲ್ಲವೆಂದು ಎರಡು ಗ್ಯಾರೇಜು ಸುತ್ತಿ, ಕೊನೆಗೆ ವೈರಿಂಗ್ ಕೆಲಸಕ್ಕೆ ಹೆಸರಾದ ಈ ಶೆಡ್ಡಿಗೆ ಬಂದಿದ್ದಳು.

"ಇದಕ್ಕೆ ದೆವ್ವ ಹಿಡಿದಿದೆ ಅಂದ್ರು ಅಲ್ಲೊಬ್ರು," ಎಂದಳು.

"ದೆವ್ವಕ್ಕೂ ಕರೆಂಟ್ ಬೇಕಲ್ಲ ಟೀಚರ್. ಎಲ್ಲಿಂದ ತಗೊಳ್ತಿದೆ ನೋಡೋಣ," ಎಂದ ಮೇಸ್ತ್ರಿ.

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಬ್ಯಾಟರಿಯ ಕರೆಂಟು ಸರಿಯಾಗಿ ಬರುತ್ತಿತ್ತು. ಫ್ಯೂಸು ನೆಟ್ಟಗಿತ್ತು, ಅರ್ಥಿಂಗೂ ಗಟ್ಟಿಯಾಗಿತ್ತು. ಉಳಿದದ್ದು ಮಾತು ಹರಿಯುವ ತಂತಿ. ಆ ಕಾಲದ ಕಾರುಗಳಲ್ಲಿ ಎಂಜಿನ್, ಬ್ರೇಕು, ಏರ್‌ಬ್ಯಾಗು ಎಲ್ಲವೂ ಸ್ಕ್ಯಾನರಿನೊಡನೆ ಒಂದೇ ತಂತಿಯಲ್ಲಿ ಮಾತಾಡಬೇಕು. ಒಬ್ಬ ಅದನ್ನು ಅದುಮಿ ಹಿಡಿದರೆ ಎಲ್ಲರ ಗಂಟಲೂ ಕಟ್ಟಿದಂತೆ. ಮೀಟರ್ ಇಟ್ಟು ನೋಡಿದ. ಬ್ಯಾಟರಿಯಷ್ಟು ತೋರಿಸಬೇಕಾದಲ್ಲಿ ಮುಳ್ಳು ಏಳಲೇ ಇಲ್ಲ. ಯಾರೋ ಅದುಮಿ ಹಿಡಿದಿದ್ದರು.

ಒಂದೊಂದೇ ಪ್ಲಗ್ ಕೀಳುತ್ತ ಹೋದ. ಡ್ಯಾಶ್‌ಬೋರ್ಡಿನಿಂದ ರೇಡಿಯೋ ಎಳೆದು ಅದರ ಹಿಂದಿನ ಪ್ಲಗ್ ಬಿಚ್ಚಿದ್ದೇ ತಡ, ಮುಳ್ಳು ಜಿಗಿದು ನಿಂತಿತು. ಕಂಪನಿಯ ರೇಡಿಯೋ ತೆಗೆದು ಯಾರೋ ಫೋನಿಗೆ ಜೋಡಿಯಾಗುವ ಹೊಸ ರೇಡಿಯೋ ಕೂರಿಸಿದ್ದರು. ಮಾತಿನ ತಂತಿಯನ್ನು ಆಂಟೆನಾ ತಂತಿಯೆಂದು ತಿಳಿದು ಅದಕ್ಕೆ ಸೇರಿಸಿಬಿಟ್ಟಿದ್ದರು.

"ಸಿಕ್ಕಿತು ನಿಮ್ಮ ದೆವ್ವ," ಎನ್ನುತ್ತ ಟಾರ್ಚ್ ಒಳಗೆ ಹಿಡಿದವನು ಹಾಗೇ ನಿಂತುಬಿಟ್ಟ.

ಜೋಡಣೆಯ ಮೇಲೆ ಟೇಪ್ ಇರಲಿಲ್ಲ. ಚಪ್ಪಲಿ ಹೊಲಿಯುವ ಮೇಣದ ದಾರವನ್ನು ಒತ್ತಾಗಿ ಸುತ್ತಿ, ತುದಿಯನ್ನು ಹಿಂದಕ್ಕೆ ತೂರಿಸಿ, ಎಡಕ್ಕೆ ಬಿಗಿದಿದ್ದರು. ಟೇಪ್ ಬಿಸಿಲಿಗೆ ಕರಗುತ್ತದೆ, ದಾರ ಸಾಯೋವರೆಗೂ ಇರುತ್ತದೆ ಎಂದು ಹಾಗೆ ಕಟ್ಟುತ್ತಿದ್ದವನು ಮೇಸ್ತ್ರಿಯ ಅಣ್ಣ. ಎಡಚ. ಬಲಗೈಯವರಿಗೆ ಆ ಗಂಟು ಬರುತ್ತಿರಲಿಲ್ಲ. ಮೇಸ್ತ್ರಿಯೂ ಹುಡುಗನಾಗಿದ್ದಾಗ ಕಲಿಯಲು ಹೋಗಿ ಸೋತಿದ್ದ.

ಅಣ್ಣ ಸತ್ತು ಇಪ್ಪತ್ತು ವರ್ಷದ ಹತ್ತಿರವಾಗಿತ್ತು. ನದಿಗೆ ಈಜಲು ಹೋದವನ ಅಂಗಿ, ಚಪ್ಪಲಿ ಬಂಡೆಯ ಮೇಲೆ ಸಿಕ್ಕಿದ್ದವು, ದೇಹ ಸಿಕ್ಕಿರಲಿಲ್ಲ. ಆಗ ಇಂಥ ರೇಡಿಯೋ ಅಂಗಡಿಯಲ್ಲೂ ಇರಲಿಲ್ಲ.

ಮೇಸ್ತ್ರಿ ಶೆಡ್ಡಿನ ಮೂಲೆಯ ಕಡೆ, ಅಣ್ಣ ಕೂತು ಕೆಲಸ ಮಾಡುತ್ತಿದ್ದ ಕಡೆ, ನೋಡಬಾರದೆಂದುಕೊಂಡೇ ನೋಡಿದ. ಹಳೇ ಟೈರುಗಳಿದ್ದವು, ಅಷ್ಟೇ.

"ಈ ರೇಡಿಯೋ ಎಲ್ಲಿ ಹಾಕಿಸಿದ್ರಿ ಟೀಚರ್?"

"ನನಗೆ ಮಾರಿದವರು ಹಾಕಿಸಿದ್ದು. ಬೇಕಿದ್ರೆ ಕೇಳ್ತೀನಿ ಇರಿ." ಅವಳು ಫೋನಿನಲ್ಲಿ ಮಾತಾಡಿ ತಿರುಗಿದಳು. "ಬಂದರಿನ ಊರಲ್ಲಂತೆ. ಬಸ್ ನಿಲ್ದಾಣದ ಹಿಂದೆ ಒಬ್ಬ ಎಡಚ ಮೇಸ್ತ್ರಿ ಇದ್ರಂತೆ, ಎರಡು ವರ್ಷದ ಹಿಂದೆ. ಯಾಕೆ, ಗೊತ್ತಿರೋರಾ?"

"ಇರಬಹುದು," ಎಂದ.

ಗಂಟನ್ನು ಕತ್ತರಿಸದೆ ಉಗುರಿನಿಂದ ಬಿಡಿಸಿದ. ಆ ತಂತಿಯನ್ನು ಬೇರ್ಪಡಿಸಿ ಮುಚ್ಚಿದ ಮೇಲೆ ಸ್ಕ್ಯಾನರ್ ಕಾರಿನೊಡನೆ ಮಾತಿಗಿಳಿಯಿತು. ಹೊಗೆಕೊಳವೆಯ ಒಂದು ಸೆನ್ಸರ್ ಸತ್ತಿತ್ತು, ಇನ್ನೇನೂ ಇಲ್ಲ. ಬದಲಾಯಿಸಿ, ದೀಪ ಆರಿದ್ದನ್ನು ತೋರಿಸಿ ಟೀಚರನ್ನು ಕಳಿಸಿಕೊಟ್ಟ.

ಅತ್ತಿಗೆ ಇವನ ಸಂಸಾರದೊಂದಿಗೇ ಶೆಡ್ಡಿನ ಹಿಂದಿನ ಮನೆಯಲ್ಲಿದ್ದಳು. ಗಂಡ ಸತ್ತಿಲ್ಲವೆಂದು ಮೊದಮೊದಲು ಹಟ ಹಿಡಿಯುತ್ತಿದ್ದವಳು. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ನೆಂಟರೆಲ್ಲ ಹೇಳಿ ಹೇಳಿ ಸುಮ್ಮನಾಗಿಸಿದ್ದರು. ಹೇಳಿದವರಲ್ಲಿ ಇವನೂ ಒಬ್ಬ. ಬಿಡಿಭಾಗ ತರಲು ಹೋಗುತ್ತಿದ್ದೇನೆಂದು ಅವಳಿಗೂ ಹೆಂಡತಿಗೂ ಹೇಳಿ ಮಾರನೆಯ ದಿನ ಬಸ್ ಹತ್ತಿದ.

ಬಂದರಿನ ಊರಿನ ಅಂಗಡಿ ಸಣ್ಣದು. ಬಾಗಿಲಿಗೆ ಮುಖ ಮಾಡಿ ಕೂತ ಹೆಂಗಸು ಹಾರ್ನ್ ಒಂದನ್ನು ಬಿಚ್ಚುತ್ತಿದ್ದಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ಫೋಟೋ. ಮೇಸ್ತ್ರಿಗೆ ಮೊದಲು ಅದು ತನ್ನ ಅಪ್ಪನದೆನ್ನಿಸಿತು. ಪೂರ್ತಿ ಬೆಳ್ಳಗಾದ ತಲೆ, ಒಳಕ್ಕೆ ಹೋದ ಕೆನ್ನೆ. ಆಮೇಲೆ ಹುಬ್ಬಿನ ಮೇಲೆ ಅಣ್ಣನಿಗಿದ್ದ ಸುಟ್ಟ ಕಲೆ ಕಂಡಿತು.

"ಮೇಸ್ತ್ರಿಯವರು..." ಎಂದ.

ಹೆಂಗಸು ತಟ್ಟನೆ ತಲೆಯೆತ್ತಿ ಇವನನ್ನೇ ನೋಡಿದಳು. "ನಿಮ್ಮ ದನಿ ಅವರ ದನಿ ಥರಾನೇ ಇದೆ. ಎದೆ ಧಸಕ್ ಅಂತು," ಎಂದಳು. "ಅವರು ಹೋಗಿ ವರ್ಷ ಆಯ್ತು. ಶ್ವಾಸದ ಕಾಯಿಲೆ. ನಾನು ಅವರ ಹೆಂಡತಿ. ಏನು ಕೆಲಸ ಇತ್ತು?"

ಇವನು ಒಂದು ಹೆಜ್ಜೆ ಒಳಗಿಟ್ಟ. "ಪರಿಚಯ ಇತ್ತು. ತುಂಬಾ ಹಿಂದೆ."

"ಹಾಗಾದ್ರೆ ಅವರ ಮನೆಯವರೂ ಗೊತ್ತಿದ್ರೇನೋ." ಸ್ಟೂಲ್ ಎಳೆದುಕೊಟ್ಟಳು. "ನಾನು ಯಾರನ್ನೂ ನೋಡಿಲ್ಲ. ಹೆಂಡತಿ, ತಮ್ಮ, ಇಬ್ರೂ ಒಂದೇ ಅಪಘಾತದಲ್ಲಿ ಹೋದ್ರಂತೆ. ಪ್ರತಿ ವರ್ಷ ಆ ದಿನ ಊಟ ಮಾಡ್ತಿರಲಿಲ್ಲ. ಬಾಗಿಲು ಹಾಕ್ಕೊಂಡು ಕೂತಿರೋರು. ತಮ್ಮನ ಕೈ ತನಗಿಂತ ಚುರುಕು, ಬದುಕಿದ್ದಿದ್ರೆ ಊರಿಗೇ ದೊಡ್ಡ ಮೇಸ್ತ್ರಿ ಆಗ್ತಿದ್ದ ಅಂತಿದ್ರು."

ಅವಳು ಕೊಟ್ಟ ನೀರನ್ನು ಇವನು ಕುಡಿದ. ಲೋಟ ಹಿಡಿದ ತನ್ನ ಕೈಯನ್ನೇ ನೋಡಿದ. ಈ ಗೋಡೆಗಳ ನಡುವೆ ತಾನು ಎಂದೋ ಸತ್ತವನು. ತನಗಾಗಿ ಇಲ್ಲಿ ಒಬ್ಬ ಉಪವಾಸವಿದ್ದ. ಅಣ್ಣ ಯಾಕೆ ಹೋದ? ಜಗಳವಿರಲಿಲ್ಲ, ಸಾಲವಿರಲಿಲ್ಲ. ಕೇಳಬೇಕಾದವನು ಫೋಟೋದಲ್ಲಿ ಕೂತಿದ್ದ. ನಿಜ ಹೇಳಿದರೆ ಈ ಹೆಂಗಸಿನ ಇಷ್ಟು ವರ್ಷದ ಬಾಳು ಒಂದೇ ಏಟಿಗೆ ಸುಳ್ಳಾಗುತ್ತದೆ. ಖಾಲಿ ಲೋಟವನ್ನು ಕೆಳಗಿಟ್ಟ.

"ಒಳ್ಳೆಯವರಾಗಿದ್ರಾ ನಿಮ್ಮ ಜೊತೆ?"

"ತುಂಬಾ," ಎಂದಳು. "ಆದ್ರೆ ಯಾರಾದ್ರೂ ಬಾಗಿಲು ತಟ್ಟಿದ್ರೆ ಮಾತ್ರ ಬೆಚ್ಚಿ ಬೀಳೋರು. ಕೊನೇವರೆಗೂ ಅದು ಹೋಗಲಿಲ್ಲ."

ಇವನು ಎದ್ದು ಕೈ ಮುಗಿದ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಇನ್ನೂ ಬಾಗಿಲಲ್ಲೇ ನಿಂತು ಇವನ ನಡಿಗೆಯನ್ನು ನೋಡುತ್ತಿದ್ದಳು.

ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಬಕೆಟ್ಟಿನ ಆಚೆ ಕೂತು ಎಲ್ಲವನ್ನೂ ಹೇಳಿದ. ಗಂಟು, ಅಂಗಡಿ, ಆ ಹೆಂಗಸು, ಕಾಯಿಲೆ, ಏನನ್ನೂ ಬಿಡಲಿಲ್ಲ. ಅವಳು ಹಿಂಡುತ್ತಿದ್ದ ಅಂಗಿಯನ್ನು ಕೈಯಲ್ಲೇ ಹಿಡಿದು ಕೇಳಿದಳು.

"ಹಾಗಾದ್ರೆ ನನಗೆ ಹುಚ್ಚು ಹಿಡಿದಿರಲಿಲ್ಲ," ಎಂದಳು.

"ಇಲ್ಲ ಅತ್ತಿಗೆ. ನಾವು ಹಾಗಂದದ್ದು ತಪ್ಪಾಯ್ತು."

ಅವಳು ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಆಮೇಲೆ, "ಕೂದಲು ನೆರೆತಿತ್ತಾ?" ಎಂದು ಕೇಳಿದಳು.

"ಪೂರ್ತಿ. ಒಂದೂ ಕರಿ ಇರಲಿಲ್ಲ."

"ಹಲ್ಲು?"

"ಬಿದ್ದಿದ್ವು ಅನ್ಸುತ್ತೆ. ಕೆನ್ನೆ ಒಳಗೆ ಹೋಗಿತ್ತು. ಥೇಟ್ ಅಪ್ಪನ ಹಾಗೆ."

ಅತ್ತಿಗೆ ತಲೆಯಾಡಿಸುತ್ತ ಕೇಳಿದಳು. ಇಷ್ಟು ವರ್ಷ ಅವಳ ಕಣ್ಣ ಮುಂದೆ ಸುಳಿಯುತ್ತಿದ್ದವನಿಗೆ ತಲೆ ತುಂಬ ಕಪ್ಪು ಕೂದಲಿತ್ತು. ಅವನಿಗಾಗಿ ಅವಳು ಅತ್ತು ಮುಗಿಸಿದ್ದಳು. ಈಗ ಒದ್ದೆ ಕೈಯನ್ನು ಮುಖಕ್ಕೊತ್ತಿಕೊಂಡು, ಎಂದೂ ಕಾಣದ ಆ ಬೊಚ್ಚುಬಾಯಿ ಮುದುಕನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ಮೇಸ್ತ್ರಿ ಎದ್ದು ಹೋಗಲಿಲ್ಲ. ಬಕೆಟ್ಟಿನಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ಹಗ್ಗಕ್ಕೆ ಹಾಕತೊಡಗಿದ.