ಅರವತ್ತು ಕಡಕ್ ರೊಟ್ಟಿ

ಬನಶಂಕರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೂ ಅವಳ ಬಲಗಾಲು ತಾನೇ ನೆಲ ಒತ್ತುತ್ತಿತ್ತು, ಬಿಡುತ್ತಿತ್ತು. ಇಳಕಲ್ಲಿನ ತವರಿನಲ್ಲಿ ಒಂಬತ್ತನೇ ವಯಸ್ಸಿನಿಂದ ಕುಣಿಮಗ್ಗದ ಗುಂಡಿಯೊಳಗೆ ಇಳಿದು, ಸೀರೆ ನೇಯಲು ಹಲಗೆ ತುಳಿದ ಕಾಲು ಅದು. ಶಿರೂರಿನ ಒಕ್ಕಲುಮನೆಗೆ ಸೊಸೆಯಾಗಿ ಬಂದು ಎಂಟು ತಿಂಗಳಾದರೂ ಆ ಸುದ್ದಿ ಕಾಲಿಗಿನ್ನೂ ಮುಟ್ಟಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಆ ಚಳಿಗಾಲದ ಕೊನೆಗೆ ಚಡಪಡಿಕೆ ತಲೆಗೂ ಏರಿತು. ಇಳಕಲ್ಲಿನಿಂದ ಅಣ್ಣ ಕಾಗದ ಹಾಕಿದ್ದ. ತೀರಿಹೋದ ಅವ್ವನ ಮಗ್ಗ ಬಿಚ್ಚಿ ಮೂಲೆಗೆ ಇಟ್ಟಿದ್ದೇನೆ, ನಿನಗೆ ಬೇಕಾದರೆ ಶಿವರಾತ್ರಿಯೊಳಗೆ ಒಯ್ಯಿ, ಇಲ್ಲವಾದರೆ ಕೇಳಿದವರಿಗೆ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದ. ಅವ್ವನ ಕೈ ಸವೆಸಿದ ಮಗ್ಗ ಇನ್ಯಾರದೋ ಮನೆಗೆ ಹೋಗುವುದನ್ನು ನೆನೆದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಅತ್ತೆ ಗುರುಲಿಂಗವ್ವ ಒಲೆ ಬಿಟ್ಟು ಕದಲುವ ಹೆಂಗಸಲ್ಲ. ಹೊತ್ತುಹೊತ್ತಿಗೆ ಬಿಸಿ ರೊಟ್ಟಿ ಬೀಳದಿದ್ದರೆ ಮನೆ ಮುಳುಗೀತು ಎಂಬ ಹೆದರಿಕೆ ಆಕೆಗೆ. ಅಂಥವಳಿಗೂ ಕಣ್ಣಿಗೆ ಪೊರೆ ಬಂದು, ಆಪರೇಶನ್‌ಗೆಂದು ಬಾಗಲಕೋಟೆಯ ದವಾಖಾನೆಯಲ್ಲಿ ಎಂಟು ದಿನ ಮಲಗುವ ಪಾಳಿ ಬಂತು. ಹೊರಡುವ ಶನಿವಾರ ಸೊಸೆಯನ್ನು ಕರೆದು ಹೇಳಿದಳು:

"ಮಗ್ಗ ತರಬೇಕಂತೀಯಲ್ಲ, ಕುಣ್ಯಾಗ ನೀ ಇಳದು ಕುಂತರ ಒಲಿ ಮುಂದ ಯಾರ ಕುಂದರ್ತಾರ? ನಾ ಬರೂತನಕ ಅಡಗಿ ನೀನ ನೋಡ್ಕೊ. ಊಟಕ್ಕ ಕೊರತಿ ಬರಬಾರ್ದು, ದಿನಾ ಮಧ್ಯಾಹ್ನ ಎರಡ ತಾಸ ನಿನ್ನ ಕೈ ಖಾಲಿ ಇರಬೇಕು. ನಡಸಿ ತೋರ್ಸು, ಆಮ್ಯಾಲ ಮಗ್ಗದ ಮಾತು."

"ನೋಡಾವ್ರ ಯಾರ್ರಿ ಅತ್ತಿ?"

"ನಿಮ್ಮ ಮಾವ ಅದಾರಲ್ಲ. ಅವರಿಗೇನ ಬ್ಯಾರೆ ಕೆಲಸ?"

ಮಾವ ಅಮಾತೆಪ್ಪ ಪಡಸಾಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಹೂಂ ಅಂದ. ಬಾಯಲ್ಲಿ ಉಳಿದಿದ್ದು ನಾಲ್ಕು ಹಲ್ಲು, ಅವೂ ಎದುರುಬದುರು ಇರಲಿಲ್ಲ.

ಅತ್ತೆ ಬಸ್ಸು ಹತ್ತಿದ್ದೇ ತಡ, ಬನಶಂಕರಿ ಇದ್ದಿಲು ಹಿಡಿದು ಅಡುಗೆಮನೆಯ ಗೋಡೆಯ ಮೇಲೆ ಏಳು ಗೆರೆ ಎಳೆದಳು. ಏಳನೇ ಇಯತ್ತೆ ಓದಿದವಳು, ಅಕ್ಷರ ದುಂಡಗಿದ್ದವು. ರವಿವಾರ ಒಂದೇ ಪಟ್ಟಿಗೆ ಅರವತ್ತು ರೊಟ್ಟಿ ಬಡಿದು ಒಣಗಿಸಿ ಬುಟ್ಟಿ ತುಂಬುವುದು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ, ಗಂಡಸರು ಮನೆಯಲ್ಲೇ ಇರುತ್ತಾರೆ. ಅಂದು ಬಿಸಿ ರೊಟ್ಟಿ, ಎಣಗಾಯಿ. ಮಂಗಳವಾರದಿಂದ ಶುಕ್ರವಾರದವರೆಗೆ ಕಡಕ್ ರೊಟ್ಟಿ, ಅದಕ್ಕೆ ಒಂದು ದಿನ ಮಡಕೆಕಾಳು, ಒಂದು ದಿನ ಜುಣಕ, ಒಂದು ದಿನ ಕುಸುಬೆ ಪಲ್ಯ, ಒಂದು ದಿನ ಹಿಂಡಿ ಮೊಸರು. ಗುರುವಾರ ಜೋಳ ಬೀಸಲು ಗಿರಣಿಗೆ, ಶನಿವಾರ ಹೊಸ ಹಿಟ್ಟಿನ ಬಿಸಿ ರೊಟ್ಟಿ. ಬರೆದಳು, ಅಳಿಸಿದಳು, ಕಾಳು ಮುಂಚೆ ಬರಲೋ ಪಲ್ಯ ಮುಂಚೆ ಬರಲೋ ಎಂದು ಮತ್ತೆ ಬರೆದಳು. ನೀರಿಗೆ ಹೋದವಳು ಅರ್ಧ ದಾರಿಯಿಂದ ತಿರುಗಿ ಬಂದು ಶುಕ್ರವಾರದ್ದನ್ನು ಗುರುವಾರಕ್ಕೆ ಹಾಕಿದಳು.

ಸೋಮವಾರ ನೆಟ್ಟಗೆ ಹೋಯಿತು. ಮಂಗಳವಾರ ಮಾವನ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಕೊಟ್ಟಳು. ಮುದುಕ ಗೊಣಗುತ್ತಲೇ ಬಟ್ಟಲು ನೆಕ್ಕಿದ. ಎರಡೂ ಮಧ್ಯಾಹ್ನ ಅವಳು ಬೇಕೆಂದೇ ಮಾವನಿಗೆ ಕಾಣುವ ಹಾಗೆ ಹೊಸ್ತಿಲ ಬಳಿ ಕೈ ಕಟ್ಟಿ ಕೂತಳು. ಕೂತಳು ಅನ್ನುವುದೇ ತಪ್ಪು, ಕಾಲು ತುಳಿಯುತ್ತಲೇ ಇತ್ತು.

ಬುಧವಾರ ಬಿಸಿಲು ನೆತ್ತಿಗೆ ಬರಲು ಇನ್ನೊಂದು ತಾಸಿದೆ ಎನ್ನುವಾಗ ಪಕ್ಕದ ಹೊಲದ ಮಲೀಕಸಾಬ ಬಾಗಿಲಲ್ಲಿ ನಿಂತ.

"ಯವ್ವಾ, ಬುತ್ತಿ ತಯಾರ ಆತೇನು? ಹೊರಾಕ ಬಂದೇನಿ."

"ಯಾರ ಬುತ್ತಿ ಕಾಕಾ?"

"ಯಾರದಂದ್ರ? ನಿಮ್ಮ ಹೊಲದಾಗ ಹನ್ನೊಂದ ಮಂದಿ ಜ್ವಾಳಾ ಕೀಳಾಕ ಹತ್ತೇವಿ. ಇವತ್ತ ನಿಮ್ಮ ಮುಯ್ಯಿ. ನಿಮ್ಮತ್ತಿ ಹದಿನೈದ ದಿನದ ಹಿಂದನ ಹೇಳಿದ್ಲಲ್ಲ."

ಬನಶಂಕರಿ ಸೆರಗು ಸಿಕ್ಕಿಸಿ ಒಳಗೆ ಓಡಿದಳು. ನೇಕಾರರ ಮನೆಯಲ್ಲಿ ಮುಯ್ಯಾಳಿಲ್ಲ, ಆದರೆ ಈ ಎಂಟು ತಿಂಗಳಲ್ಲಿ ಅಷ್ಟು ಅವಳು ಅರಿತಿದ್ದಳು. ಇಂದು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಕೂಲಿ ಇಲ್ಲ, ಹೊಲದವರು ಹೊಟ್ಟೆ ತುಂಬ ಊಟ ಹಾಕಬೇಕು, ಅಷ್ಟೇ. ಹಾಕದ ಮನೆಯ ಹೆಸರು ಊರ ಬಾಯಲ್ಲಿ ವರ್ಷಗಟ್ಟಲೆ ನಾರುತ್ತದೆ. ಹಿಟ್ಟಿನ ಡಬ್ಬಿ ತೆಗೆದರೆ ತಳ ಕಂಡಿತು. ಗಿರಣಿ ಗುರುವಾರದ ಗೆರೆಯಲ್ಲಿತ್ತು. ಗೋಡೆ ನೋಡಿದಳು, ರೊಟ್ಟಿಯ ಬುಟ್ಟಿ ನೋಡಿದಳು. ನಲವತ್ತೈದು ಉಳಿದಿದ್ದವು. ಅವು ಬರೇ ರೊಟ್ಟಿಯಲ್ಲ, ಅವಳ ಮೂರು ಮಧ್ಯಾಹ್ನಗಳು, ಅವ್ವನ ಮಗ್ಗ.

ಅಳು ಬಂತು. ಅಳುತ್ತಲೇ ಒಲೆಗೆ ದೊಡ್ಡ ಬೋಗುಣಿ ಇಟ್ಟಳು. ಕಡಲೆಹಿಟ್ಟು ಇದ್ದಷ್ಟೂ ಸುರಿದು ಜುಣಕ ತಿರುವಿದಳು. ವಾರಕ್ಕೆಂದು ಕುಟ್ಟಿದ ಚಟ್ನಿಪುಡಿ, ಶೇಂಗಾಹಿಂಡಿ ಗುರೆಳ್ಳುಹಿಂಡಿ ಎರಡನ್ನೂ, ಗಡಿಗೆಯ ತಳ ಬಳಿದು ತೆಗೆದಳು. ಮೊಸರು, ಉಳ್ಳಾಗಡ್ಡಿ, ಸೌತೆಕಾಯಿ ಎಲ್ಲ ಬುಟ್ಟಿಗೆ ಹೋದವು. ಮಲೀಕಸಾಬನ ಹಿಂದೆ ಮಜ್ಜಿಗೆ ಕೊಡ ಹೊತ್ತು ಓಡುನಡಿಗೆಯಲ್ಲಿ ಹೊಲ ಮುಟ್ಟಿದಳು.

ಬೇವಿನ ನೆರಳಲ್ಲಿ ಸಾಲು ಕೂತ ಗಂಡಸರು ಮಾತಿಲ್ಲದೆ ತಿಂದರು. ಕಡಕ್ ರೊಟ್ಟಿ ಮುರಿಯುವ ಸದ್ದೇ ಸದ್ದು. ಗುರುಲಿಂಗವ್ವನ ಬಿಸಿ ರೊಟ್ಟಿ ಇಲ್ಲವಲ್ಲ ಎಂದು ಒಬ್ಬ ಬಾಯಿ ತೆಗೆದ. ಮಲೀಕಸಾಬ ಅವನ ಕೈಗೆ ಇನ್ನೊಂದು ರೊಟ್ಟಿ ಇಟ್ಟು, "ಇದನ್ನ ಕಡಿ, ಮಾತ ಕಡಿಬ್ಯಾಡ" ಅಂದ. ನಲವತ್ನಾಲ್ಕು ಮುಗಿದವು. ಉಳಿದ ಒಂದನ್ನು ಬನಶಂಕರಿ ಸೆರಗಿನಲ್ಲಿ ಕಟ್ಟಿಕೊಂಡಳು. ಅದು ಮಾವನ ಪಾಲು, ಅವಳ ಪಾಲು ಇರಲಿಲ್ಲ.

ಗಂಡ ರಾಚಪ್ಪ ಮಜ್ಜಿಗೆಯ ನೆಪದಲ್ಲಿ ಹತ್ತಿರ ಬಂದು ನೆಲ ನೋಡುತ್ತ ಹೇಳಿದ, "ಅವ್ವ ಬಸ್‌ಸ್ಟ್ಯಾಂಡಿನ್ಯಾಗ ನನಗ ಹೇಳಿದ್ಲು, ನಿನಗ ಹೇಳಂತ. ಅಪ್ಪ ಎದುರಿಗೇ ಕುಂತಿರ್ತಾನ, ಹೆಂಗ ಮಾತಾಡ್ಲಿ? ಆಮ್ಯಾಲ ಮರತ ಹೋತು."

ಹಿರಿಯರ ಎದುರು ಹೆಂಡತಿಯನ್ನು ಮಾತಾಡಿಸುವುದು ಆ ಮನೆಯಲ್ಲಿ ಮರ್ಯಾದೆಯಲ್ಲ. ನೀರು ಬೇಕಾದರೂ ಗಾಳಿಗೆ ಹೇಳಿದಂತೆ "ನೀರ ಬೇಕಾಗಿತ್ತು" ಅನ್ನಬೇಕು. ಗಾಳಿಗೆ ಹನ್ನೊಂದು ಮಂದಿಯ ಊಟ ಹೇಳಲು ಪಾಪ ಅವನಿಗೆ ಬಾಯಿ ಬರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬನಶಂಕರಿಗೆ ಆ ಮಜ್ಜಿಗೆಯನ್ನು ಅವನ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂತು.

ಆಮೇಲೆ ಗೋಡೆಯ ಗೆರೆಗಳೆಲ್ಲ ಸುಳ್ಳಾದವು. ಕಿತ್ತ ಜೋಳ ಸಿವುಡು ಕಟ್ಟಲು ಬೆಳಿಗ್ಗೆ ಹೊಲ, ಬಂದು ಗಿರಣಿ, ಮಧ್ಯಾಹ್ನವೆಲ್ಲ ಒಲೆ. ಗುರುವಾರ, ಶುಕ್ರವಾರ, ಶನಿವಾರ ಅವಳು ಒಂದು ಗಳಿಗೆಯೂ ಕೂರಲಿಲ್ಲ. ಮಾವ ಎಲ್ಲ ನೋಡುತ್ತಿದ್ದ.

ರವಿವಾರ ಗುರುಲಿಂಗವ್ವ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದಳು. ಕೈಕಾಲು ತೊಳೆದವಳೇ ಗಂಡನನ್ನು ಕೇಳಿದಳು, ಸೊಸೆ ದಿನಾ ಮಧ್ಯಾಹ್ನ ಕೂತಳೋ ಇಲ್ಲವೋ ಎಂದು.

"ಎರಡ ದಿನ ಕುಂತ್ಲು," ಅಂದ ಅಮಾತೆಪ್ಪ. "ಬುಧವಾರದಿಂದ ಕುಂದರಲೇ ಇಲ್ಲ."

ರಾಚಪ್ಪ ಕಂಬ ಹಿಡಿದು ನಿಂತಿದ್ದ. ಹೇಳಬೇಡ ಎಂದು ಅವನ ಕಣ್ಣು ಬೇಡುತ್ತಿದ್ದವು. ಬನಶಂಕರಿ ಒಂದು ಸಲ ನೋಡಿದಳು, ತಡೆಯಲಾಗಲಿಲ್ಲ.

"ಮುಯ್ಯಾಳ ಬರ್ತಾರಂತ ನನಗ ಯಾರೂ ಹೇಳಲಿಲ್ರಿ ಅತ್ತಿ. ಮೂರ ದಿನದ ನಲವತ್ತೈದ ರೊಟ್ಟಿ ಒಂದ ಊಟಕ್ಕ ಹೋದ್ವು. ನಾ ಸೋತೆ ಅನ್ನಬ್ಯಾಡ್ರಿ. ನಾ ಸೋತಿಲ್ಲ."

ಗುರುಲಿಂಗವ್ವ ತೆರೆದಿದ್ದ ಒಂದೇ ಕಣ್ಣಿನಿಂದ ಮಗನ ಕಡೆ ನೋಡಿದಳು. ಆಮೇಲೆ ಗಂಡನ ಕಡೆ. ಅಮಾತೆಪ್ಪ ಕುಟ್ಟಾಣಿಯೊಳಗೆ ಏನೋ ಹುಡುಕತೊಡಗಿದ.

"ನಾ ಈ ಮನಿಗೆ ನಡ್ಯಾಕ ಬಂದ ವರ್ಷ ಇವ್ರೂ ಹಿಂಗ ಮರತಿದ್ರು," ಅಂದಳು ಸೊಸೆಗೆ. "ಹದಿನೆಂಟ ಮಂದಿ. ಬುಟ್ಟ್ಯಾಗ ಒಂದ ರೊಟ್ಟೀನೂ ಇರಲಿಲ್ಲ. ಉಪವಾಸ ಕಳಿಸಿದ ಮನಿ ಅಂತ ಊರೆಲ್ಲ ಅಂತು. ಅವತ್ತ ಒಲಿ ಮುಂದ ಕುಂತಾಕಿ ಮೂವತ್ತ ವರ್ಷ ಎದ್ದಿಲ್ಲ ನೋಡ ನಾ." ಅಡುಗೆಮನೆಯ ಗೋಡೆಯ ಕಡೆ ಕೈ ತೋರಿಸಿದಳು. "ನಿನ್ನ ಕಡೆ ನಲವತ್ತೈದ ಇದ್ದುವು. ಗ್ವಾಡಿ ಮ್ಯಾಲ ಬರದಿ, ಮನಿ ಮಾನ ಉಳೀತು."

ಅವಳು ಕಂಬ ಹಿಡಿದು ನಿಂತ ಮಗನ ಕಡೆ ತಿರುಗಿದಳು.

"ನಾಳೆ ಸೋಮವಾರ, ಎತ್ತು ಖಾಲಿ, ಮರತಾವನೂ ಖಾಲಿ," ಅಂದಳು ಗುರುಲಿಂಗವ್ವ. "ಪಡಸಾಲಿ ಮೂಲ್ಯಾಗ ಮಗ್ಗದ ಕುಣಿ ಅವನ ತೋಡ್ಲಿ."

ಬನಶಂಕರಿ ಅಡುಗೆಮನೆಯ ಹೊಸ್ತಿಲು ದಾಟಿ ಆ ಗೆರೆಗಳ ಗೋಡೆಗೆ ಹಣೆ ಹಚ್ಚಿ ನಿಂತಳು. ಇದ್ದಿಲು ಹಣೆಗೆ ಹತ್ತಿದ್ದೂ ತಿಳಿಯಲಿಲ್ಲ. ಹಿಂದಿನಿಂದ ರಾಚಪ್ಪ ಕೆಮ್ಮಿದ. ಅಪ್ಪ ಎದುರಿಗೇ ಇದ್ದ, ಅವ್ವನೂ ಇದ್ದಳು.

"ಬನಶಂಕ್ರಿ," ಅಂದ ಅವನು ಎಲ್ಲರಿಗೂ ಕೇಳುವಂತೆ, "ಕುಣಿ ಎಷ್ಟ ಆಳ ಇರಬೇಕ?"