ಸಹಿ ಬೀಳುವವರೆಗೆ

ಶಂಕರಪುರಂನ ಗಂಗಾಧರಯ್ಯ ಮೇಷ್ಟ್ರ ಮಗ ಮಧುಸೂದನ್ ಗಾಲ್ಫ್ ಆಡಿ ಜೀವನ ಮಾಡುತ್ತಾನಂತೆ ಎಂದಾಗ ಬೀದಿಯವರು ನಕ್ಕಿದ್ದರು. ಆ ಬೀದಿಯಲ್ಲಿ ಕ್ರಿಕೆಟ್ ಬ್ಯಾಟಿಲ್ಲದ ಮನೆ ಇರಲಿಲ್ಲ, ಗಾಲ್ಫ್ ಕೋಲನ್ನು ಮಾತ್ರ ಯಾರೂ ಕಣ್ಣಾರೆ ಕಂಡಿರಲಿಲ್ಲ. ಕುಮಾರ ಪಾರ್ಕಿನಲ್ಲಿದ್ದ ಅವನ ಸೋದರಮಾವ ಗಾಲ್ಫ್ ಕ್ಲಬ್ಬಿನ ಸದಸ್ಯರಾಗಿದ್ದರು. ಬೇಸಿಗೆ ರಜೆಯಲ್ಲಿ ಅವರ ಹಿಂದೆ ಹೋದ ಮಧು ಆ ಹಸಿರಿಗೆ ಅಂಟಿಕೊಂಡುಬಿಟ್ಟ. ಮುರುಗೇಶ್ ಅವನಿಗೆ ಸಿಕ್ಕಿದ್ದು ಅಲ್ಲೇ. ಅವನು ಸದಸ್ಯರ ಕೋಲುಗಳ ಚೀಲ ಹೊತ್ತು, ಮೈದಾನ ಖಾಲಿ ಇದ್ದಾಗ ಯಾರೋ ಬಿಟ್ಟ ಹಳೆಯ ಕೋಲುಗಳಲ್ಲಿ ಆಡಿ ಕಲಿತವನು. ಇಬ್ಬರೂ ಒಟ್ಟಿಗೆ ಬೆಳೆದರು, ಒಟ್ಟಿಗೇ ವೃತ್ತಿಪರರಾದರು. ಒಬ್ಬನ ಶೂ ಇನ್ನೊಬ್ಬ ಹಾಕಿಕೊಂಡು ಹೋಗುವಷ್ಟು ಸಲುಗೆ.

ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ ಪುಣೆಯಲ್ಲಿ ಅರ್ಹತಾ ಪಂದ್ಯ ನಡೆಯಿತು. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಟೂರ್ ಕಾರ್ಡ್, ಎಂದರೆ ವರ್ಷವಿಡೀ ದೊಡ್ಡ ಪಂದ್ಯಗಳನ್ನು ಆಡುವ ಹಕ್ಕು. ಕೊನೆಯ ದಿನ ಇಬ್ಬರೂ ಒಂದೇ ಗುಂಪಿನಲ್ಲಿದ್ದರು, ಜೊತೆಗೆ ಕೋಲ್ಕತ್ತದ ಒಬ್ಬ. ಆಟ ಮುಗಿಯುತ್ತ ಬಂದಾಗ ಮುರುಗೇಶನ ಚೆಂಡು ಮರಳಿನ ಹಳ್ಳಕ್ಕೆ ಬಿತ್ತು. ಹೊಡೆಯಲು ಕೋಲನ್ನು ಹಿಂದಕ್ಕೆ ಎತ್ತುವಾಗ ಅದು ಮರಳನ್ನು ಸವರಿತು. ಹಾಗೆ ಮುಟ್ಟಬಾರದು, ಮುಟ್ಟಿದರೆ ಎರಡು ಹೊಡೆತದ ದಂಡ; ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಮುಂದಿರುವ ಆಟದಲ್ಲಿ ಅದು ಸಣ್ಣದಲ್ಲ. ಮುರುಗೇಶನಿಗೆ ಅದು ತಿಳಿಯಲೇ ಇಲ್ಲ. ಮಧು ನೋಡಿದ. ಹೇಳಲು ಬಾಯಿ ತೆರೆದವನು ಸುಮ್ಮನಾದ. ಗೆಳೆಯನಿಗಾಗಿ ಸುಮ್ಮನಿದ್ದೇನೆ ಎಂದೇ ಆಗ ಅವನಿಗೆ ಅನ್ನಿಸಿತ್ತು.

ಆಟ ಮುಗಿದಾಗ ಟೂರ್ ಕಾರ್ಡ್ ಸಿಗುವ ಕೊನೆಯ ಸ್ಥಾನ ಮುರುಗೇಶನದಾಗಿತ್ತು. ಅವನ ಹಿಂದೆಯೇ, ಮೂರು ಹೊಡೆತದ ಅಂತರದಲ್ಲಿ ಮಧು. ಆಗ ಮಧುವಿನ ತಲೆ ಬೇರೆ ಕಡೆ ಓಡಿತು. ಈಗಲೇ ಹೇಳಿದರೆ ದಂಡ ಎರಡು ಹೊಡೆತ, ಆಗಲೂ ಮುರುಗೇಶನೇ ಮುಂದೆ. ಅವನು ಸ್ಕೋರಿಗೆ ಸಹಿ ಹಾಕಿ ಕೊಟ್ಟಮೇಲೆ ಹೇಳಿದರೆ, ತಪ್ಪು ಸ್ಕೋರಿಗೆ ಸಹಿ ಹಾಕಿದ್ದಕ್ಕೆ ಪಂದ್ಯದಿಂದಲೇ ಹೊರಗೆ, ಕಾರ್ಡ್ ಹಿಂದಿನವನಿಗೆ. ಮಧು ಬಗ್ಗಿ ಶೂ ಲೇಸು ಬಿಚ್ಚುತ್ತ ಕೂತ. ಮುರುಗೇಶ್ ಸಹಿ ಹಾಕಿದ ಹಾಳೆ ಮೇಜಿನ ಆಚೆಗೆ ಹೋದಮೇಲೆ ಎದ್ದು ಅಧಿಕಾರಿಯ ಬಳಿ ಹೋದ.

ಅಧಿಕಾರಿ ವಿಚಾರಿಸಿದಾಗ ಮುರುಗೇಶ್ ಪೆಚ್ಚಾದ. "ನಂಗೆ ಗೊತ್ತಾಗ್ಲಿಲ್ಲ ಸಾರ್. ಆದ್ರೆ ಮಧು ನೋಡಿದೀನಿ ಅಂದ್ರೆ ಮುಟ್ಟಿರುತ್ತೆ. ಅವನು ಸುಳ್ಳು ಹೇಳಲ್ಲ."

ವಾಪಸು ರೈಲಿನಲ್ಲಿ ಅವನೇ ಮಧುವಿನ ಭುಜ ತಟ್ಟಿದ. "ಬಿಡು ಮಗಾ, ರೂಲ್ ರೂಲೇ. ನಿಂಗಾದ್ರೂ ಸಿಕ್ತಲ್ಲ." ಮಧು ಕಿಟಕಿಯ ಕಡೆ ಮುಖ ಮಾಡಿ ಮಲಗಿದ. ನಿದ್ದೆ ಬರಲಿಲ್ಲ.

ಆಮೇಲೆ ಅವನ ಆಟ ಏರುತ್ತಲೇ ಹೋಯಿತು. ಎರಡು ವರ್ಷ ಕಳೆದು ಚಂಡೀಗಢದಲ್ಲಿ ದೊಡ್ಡ ಪಂದ್ಯ ಗೆದ್ದ, ಪೇಪರಿನಲ್ಲಿ ಫೋಟೋ ಬಂತು. ಜೊತೆಗೆ ಯಾರೋ ಪುಣೆಯ ಸುದ್ದಿಯನ್ನೂ ಹುಡುಕಿ, ಗೆಳೆಯನೆಂದೂ ನೋಡದೆ ನಿಯಮ ಎತ್ತಿಹಿಡಿದ ಪ್ರಾಮಾಣಿಕ ಎಂದು ಬರೆದರು. ಅಷ್ಟರಲ್ಲಿ ಮುರುಗೇಶ್ ಆಟ ಬಿಟ್ಟು ಕಾಟನ್‌ಪೇಟೆಯಲ್ಲಿ ಭಾಮೈದನ ಗೋಣಿಚೀಲದ ಅಂಗಡಿಯಲ್ಲಿ ನಿಲ್ಲುತ್ತಿದ್ದ. ಮಧು ಆ ಕಡೆಯ ರಸ್ತೆಗೇ ಹೋಗುತ್ತಿರಲಿಲ್ಲ.

ಬೀದಿಯವರು ಸೇರಿ ಸನ್ಮಾನ ಇಟ್ಟುಕೊಂಡರು. ಆ ದಿನ ಬೆಳಿಗ್ಗೆ ಮುರುಗೇಶನ ಹೆಂಡತಿ ರುದ್ರಾಣಿ ಮನೆಗೆ ಬಂದಳು. "ಬಾಮ್ಮ, ಕೂತ್ಕೋ" ಎಂದರು ಗಂಗಾಧರಯ್ಯ. ಅವಳು ಕೂರಲಿಲ್ಲ.

"ಮಧು ಅಣ್ಣ, ಒಂದು ಮಾತು ಕೇಳ್ಬೇಕಿತ್ತು. ಪೇಪರ್ ನೋಡಿ ನಮ್ಮ ಬೀದೀಲಿ ಇವರನ್ನ ಕಳ್ಳಾಟ ಆಡ್ದೋನು ಅಂತಿದಾರೆ. ಇವರೂ ಹೌದೇನೋ ಅನ್ನೋ ಹಂಗೆ ಕೂತಿರ್ತಾರೆ. ಬೇಕಂತ ಮಾಡಿದ್ರಾ?"

"ಇಲ್ಲಮ್ಮ. ಅವನಿಗೆ ಗೊತ್ತೇ ಆಗ್ಲಿಲ್ಲ."

"ನೀನು ಯಾವಾಗ ನೋಡಿದೆ?" ಎಂದರು ಗಂಗಾಧರಯ್ಯ. ಅವರಿಗೆ ಗಾಲ್ಫ್ ತಿಳಿಯದು. ಮೇಷ್ಟ್ರ ಅಭ್ಯಾಸಕ್ಕೆ ಕೇಳಿದ್ದು.

"ಅವನು ಆಡ್ತಿದ್ದಾಗಲೇ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

ಮಧು ಬಾಗಿಲ ಚಿಲಕ ನೋಡುತ್ತ ನಿಂತ. ನೋಡಿಯೂ ಬೇಕೆಂದೇ ತಡಮಾಡಿ ಹೇಳಿದ್ದಾನೆ ಎಂದು ರುದ್ರಾಣಿಗೆ ತಿಳಿಯಿತು. "ಬರ್ತೀನಿ ಸಾರ್" ಎಂದು ಗಂಗಾಧರಯ್ಯನವರಿಗಷ್ಟೇ ಹೇಳಿ ಹೊರಟಳು. ಅವರು ಸನ್ಮಾನಕ್ಕೆಂದು ತೊಟ್ಟಿದ್ದ ಜುಬ್ಬ ಬಿಚ್ಚಿ ಗೂಟಕ್ಕೆ ಹಾಕಿದರು.

ಸಭೆಯಲ್ಲಿ ಶಾಲು ಹೊದಿಸಿದವರು ಪುಣೆಯ ಕಥೆಯನ್ನೇ ಹೊಗಳಿದರು. ಮಧು ಮೈಕಿನ ಮುಂದೆ ನಿಂತು ಕಷ್ಟಪಟ್ಟು ಹೇಳಿದ: "ಅದು ಹಾಗಲ್ಲ. ನನ್ನದೇನೂ ದೊಡ್ಡತನ ಇಲ್ಲ. ಮುರುಗೇಶ್‌ಗೆ ನಾನೇ ಅನ್ಯಾಯ ಮಾಡಿದೀನಿ." ಮುಂದಿನ ಸಾಲಿನ ಹಿರಿಯರೊಬ್ಬರು, "ಎಂಥ ವಿನಯ ನೋಡಿ" ಎಂದರು. ಚಪ್ಪಾಳೆ ಬಿತ್ತು. ಇನ್ನೂ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ, ಕೈಮುಗಿದು ಇಳಿದುಬಿಟ್ಟ.

ಮರುದಿನ ಕಾಟನ್‌ಪೇಟೆಗೆ ಹೋದ. ಮುರುಗೇಶ್ ಚೀಲಗಳ ಕಟ್ಟು ಜೋಡಿಸುತ್ತಿದ್ದ.

"ರುದ್ರಾಣಿ ಹೇಳಿದ್ಲು. ನಾನು ಸಹಿ ಹಾಕ್ಲಿ ಅಂತ ಕಾಯ್ತಿದ್ಯಾ?"

"ಹೂಂ."

"ಬೇಗ ಹೇಳಿದ್ರೆ?"

"ಕಾರ್ಡ್ ನಿಂಗೇ ಸಿಗ್ತಿತ್ತು."

ಮುರುಗೇಶ್ ಕೈಯಲ್ಲಿದ್ದ ಹಗ್ಗವನ್ನೇ ಸುತ್ತುತ್ತಿದ್ದ. "ಇಷ್ಟು ದಿನ ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ. ಕೋಲು ಹಿಡಿಯೋಕೇ ಭಯ ಆಗ್ತಿತ್ತು" ಎಂದ. ಆಮೇಲೆ ತಲೆಯೆತ್ತಿ, "ಗಿರಾಕಿ ಬರೋ ಹೊತ್ತು. ನೀವಿನ್ನು ಹೊರಡಿ ಸಾರ್" ಎಂದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸಾರ್ ಎಂಬ ಮಾತು ಹೊತ್ತುಕೊಂಡು ಮಧು ಗಾಡಿಗಳ ನಡುವೆ ದಾರಿ ಮಾಡಿಕೊಂಡು ನಡೆದ. ಮನೆಗೆ ಬಂದು ಟೂರ್ ನಡೆಸುವವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಮುಗಿದ ಪಂದ್ಯದ ಫಲಿತಾಂಶ ಬದಲಾಗದು ಎಂದರು.

ಆ ವರ್ಷದ ಕೊನೆಯಲ್ಲಿ ಮುರುಗೇಶ್ ಮತ್ತೆ ಅರ್ಹತಾ ಪಂದ್ಯಕ್ಕೆ ಹೋದ. ಕಾರ್ಡ್ ಗೆದ್ದ. ಸುದ್ದಿ ಓದಿದ ಗಂಗಾಧರಯ್ಯ ಪೇಪರ್ ಮಡಿಸಿಟ್ಟು, "ನನ್ನನ್ನ ಮುರುಗೇಶನ ಮನೆಗೆ ಕರ್ಕೊಂಡು ಹೋಗು" ಎಂದರು. ದಾರಿಯಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡರು. ಮನೆ ಬಂದಾಗ ಮಧುವೂ ಕಾರಿನಿಂದ ಇಳಿಯಹೋದ. "ನೀನು ಇಲ್ಲೇ ಇರು" ಎಂದು ಅವರು ಒಬ್ಬರೇ ಮೆಟ್ಟಿಲು ಹತ್ತಿದರು.

ಒಳಗೆ ಮುರುಗೇಶ್ ನಗುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ರುದ್ರಾಣಿ ಹೊರಗೆ ಬಂದು ತಂತಿಯ ಮೇಲಿನ ಒಗೆದ ಬಟ್ಟೆ ತೆಗೆಯುತ್ತ ಕಾರನ್ನು ನೋಡಿದಳು. ಮಧು ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ತಂತಿ ಬರಿದಾಗಿತ್ತು, ಬಾಗಿಲು ಮುಂದಕ್ಕೆ ಹಾಕಿತ್ತು.